ಮೊದಲ ಸಲ ರ‍್ಯಾಲಿ ನೋಡಲು ಹೊರಟವರಿಗೆ

ಸಹೋದರಿಯರೇ, "ಅಮ್ಮೀ, ಚಿಕ್ಕಮಗಳೂರಿನಲ್ಲಿ ಕಾರ್ ರ‍್ಯಾಲಿ ಇದೆಯಂತೆ, ಸ್ನೇಹಿತರೆಲ್ಲ ಹೋಗ್ತಿದ್ದಾರೆ, ನಾನೂ ಹೋಗ್ಲಾ?" ಎಂದು ನಿಮ್ಮ ಮಗ ಕೇಳಿದರೆ ಏನು ಉತ್ತರ ಕೊಡುವಿರಿ? ಬಹುತೇಕ ತಾಯಂದಿರು "ಬೇಡ" ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿಸುತ್ತಾರೆ. ಕೆಲವರು ಹಟಕ್ಕೆ ಸೋತು, ಕೈಗೆ ಇನ್ನೂರು ರೂಪಾಯಿ ಕೊಟ್ಟು ಕಳಿಸಿಬಿಡುತ್ತಾರೆ. ಬೇಡ ಎಂದ ತಾಯಿಗೂ ಹೋಗು ಎಂದ ತಾಯಿಗೂ ಆ ಆಟ ಏನೆಂದು ತಿಳಿದಿರುವುದಿಲ್ಲ. ಹೊರಟ ಹುಡುಗನಿಗೂ ಅದು ವೇಗ ಮತ್ತು ಧೂಳು ಎಂಬುದಕ್ಕಿಂತ ಹೆಚ್ಚೇನೂ ಗೊತ್ತಿರುವುದಿಲ್ಲ.

ನಮ್ಮ ಗಂಡಸಿಯಂತಹ ಊರಿನಲ್ಲಿ ಮೋಟಾರು ಎಂದರೆ ಟ್ರ್ಯಾಕ್ಟರ್, ತೆಂಗಿನಕಾಯಿ ತುಂಬಿದ ಆಟೋ, ಹ್ಯಾಂಡ್‌ಪೋಸ್ಟ್‌ನಲ್ಲಿ ನಿಲ್ಲುವ ಬಸ್ಸು. ಆದರೆ ಇಲ್ಲಿಂದ ಹಳೇಬೀಡು, ಬೇಲೂರು ದಾಟಿ ಮುಂದೆ ಹೋದರೆ ಸಿಗುವ ಚಿಕ್ಕಮಗಳೂರು ದೇಶದ ರ‍್ಯಾಲಿ ಪ್ರಿಯರಿಗೆಲ್ಲ ಪರಿಚಿತ ಹೆಸರು. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಕೆಲವು ವರ್ಷ ಅಲ್ಲಿನ ಕಾಫಿ ತೋಟಗಳ ಮಣ್ಣಿನ ರಸ್ತೆಗಳಲ್ಲಿಯೇ ನಡೆಯಿತು. ದೆಹಲಿಯ ಗೌರವ್ ಗಿಲ್ ಆ ಚಾಂಪಿಯನ್‌ಷಿಪ್ಪನ್ನು 2013, 2016 ಮತ್ತು 2017ರಲ್ಲಿ ಗೆದ್ದರು. ಮೋಟಾರು ಕ್ರೀಡೆಗಾಗಿ ಅರ್ಜುನ ಪ್ರಶಸ್ತಿ ಪಡೆದ ಮೊದಲ ವ್ಯಕ್ತಿಯೂ ಅವರೇ, ಅದು 2019ರಲ್ಲಿ. ಇಷ್ಟು ಹತ್ತಿರದಲ್ಲಿ ನಡೆಯುವ ಆಟವನ್ನು ನಮ್ಮ ಮಕ್ಕಳು ಇಂದಲ್ಲ ನಾಳೆ ನೋಡಿಯೇ ನೋಡುತ್ತಾರೆ. ತಿಳಿದು ನೋಡಲಿ ಎಂಬುದೇ ಈ ಸಲದ ಬರಹದ ಉದ್ದೇಶ.

ರೇಸ್ ಬೇರೆ, ರ‍್ಯಾಲಿ ಬೇರೆ

ಮೊದಲು ಈ ಎರಡು ಪದಗಳ ವ್ಯತ್ಯಾಸ ತಿಳಿದುಕೊಳ್ಳೋಣ. ಟಿ.ವಿ.ಯಲ್ಲಿ ನಾವು ನೋಡುವ ಫಾರ್ಮುಲಾ ಒನ್ ಎಂಬುದು ರೇಸ್. ಅದಕ್ಕೆಂದೇ ಕಟ್ಟಿದ, ಸುತ್ತಿ ಸುತ್ತಿ ಅಲ್ಲಿಗೇ ಬರುವ ರಸ್ತೆಯಲ್ಲಿ ಎಲ್ಲ ಕಾರುಗಳೂ ಒಟ್ಟಿಗೆ ಹೊರಡುತ್ತವೆ. ಯಾರು ಮೊದಲು ಗೆರೆ ದಾಟುವರೋ ಅವರೇ ಗೆದ್ದವರು. ಅಂತಹ ರಸ್ತೆಗೆ ಸರ್ಕ್ಯೂಟ್ ಅಥವಾ ಟ್ರ್ಯಾಕ್ ಎನ್ನುತ್ತಾರೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕರಿ ಸ್ಪೀಡ್‌ವೇ, ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್ ಇಂಥವು. ಬುದ್ಧ ಸರ್ಕ್ಯೂಟ್‌ನಲ್ಲಿ 2011ರಿಂದ 2013ರ ತನಕ ಮೂರು ವರ್ಷ ಫಾರ್ಮುಲಾ ಒನ್ ನಡೆಯಿತು. ಮೂರು ಬಾರಿಯೂ ಜರ್ಮನಿಯ ಸೆಬಾಸ್ಟಿಯನ್ ವೆಟೆಲ್ ಗೆದ್ದರು.

ರ‍್ಯಾಲಿ ಹಾಗಲ್ಲ. ಅದಕ್ಕೆ ತನ್ನದೇ ಆದ ಟ್ರ್ಯಾಕ್ ಇಲ್ಲ. ನಾವು ನೀವು ಓಡಾಡುವ ಹಳ್ಳಿ ರಸ್ತೆ, ತೋಟದ ದಾರಿ, ಘಟ್ಟದ ತಿರುವುಗಳನ್ನೇ ಕೆಲವು ಗಂಟೆಗಳ ಮಟ್ಟಿಗೆ ಮುಚ್ಚಿ ಅಲ್ಲಿ ಸ್ಪರ್ಧೆ ನಡೆಸುತ್ತಾರೆ. ಕಾರುಗಳು ಒಟ್ಟಿಗೆ ಹೊರಡುವುದಿಲ್ಲ. ಒಂದು ಹೊರಟು ಒಂದೆರಡು ನಿಮಿಷ ಕಳೆದ ಮೇಲೆ ಇನ್ನೊಂದು. ಆದ್ದರಿಂದ ಒಂದು ಕಾರು ಇನ್ನೊಂದನ್ನು ಹಿಂದೆ ಹಾಕುವ ದೃಶ್ಯ ಅಲ್ಲಿ ಅಪರೂಪ. ಪ್ರತಿಯೊಬ್ಬರ ಸ್ಪರ್ಧೆಯೂ ಗಡಿಯಾರದೊಂದಿಗೆ. ಮೊದಲ ಸಲ ಹೋದ ಹುಡುಗರು, "ಒಂದೊಂದೇ ಕಾರು ಬರುತ್ತೆ, ಯಾರು ಮುಂದೆ ಯಾರು ಹಿಂದೆ ಅಂತ ಗೊತ್ತೇ ಆಗಲ್ಲ" ಎಂದು ಬೇಸರಪಡುವುದು ಇದೇ ಕಾರಣಕ್ಕೆ. ಕೈಯಲ್ಲಿ ಒಂದು ಗಡಿಯಾರ, ಕಾರುಗಳ ನಂಬರ್ ಬರೆದುಕೊಳ್ಳಲು ಒಂದು ಚೀಟಿ ಇದ್ದರೆ ಬೇಸರವಾಗುವುದಿಲ್ಲ. ಎರಡು ನಿಮಿಷದ ಅಂತರದಲ್ಲಿ ಹೊರಟ ಕಾರು ನಿಮ್ಮ ಮುಂದೆ ಒಂದೂಮುಕ್ಕಾಲು ನಿಮಿಷಕ್ಕೇ ಬಂದಿತೆಂದರೆ, ಅದು ಮುಂದಿನವನಿಗಿಂತ 15 ಸೆಕೆಂಡು ವೇಗವಾಗಿದೆ ಎಂದರ್ಥ. ಲೆಕ್ಕ ಅಷ್ಟೇ ಸರಳ.

ಇನ್ನೂ ಒಂದು ಮಾತು. ಎಲ್ಲ ಕಾರುಗಳ ಶಕ್ತಿಯೂ ಒಂದೇ ಅಲ್ಲ. ಎಂಜಿನ್‌ಗೆ ತಕ್ಕಂತೆ ಅವುಗಳನ್ನು ವರ್ಗಗಳಾಗಿ ವಿಂಗಡಿಸುತ್ತಾರೆ. ಒಟ್ಟಾರೆ ಗೆದ್ದವರು ಒಬ್ಬರಾದರೆ, ಪ್ರತಿ ವರ್ಗದಲ್ಲಿಯೂ ಒಬ್ಬೊಬ್ಬ ವಿಜೇತರಿರುತ್ತಾರೆ. ಹಾಗಾಗಿ ಹಿಂದೆ ಉಳಿದಂತೆ ಕಾಣುವ ಚಿಕ್ಕ ಕಾರಿನವನು ತನ್ನ ವರ್ಗದಲ್ಲಿ ಮೊದಲಿಗನಾಗಿರಬಹುದು.

ಬೇಗ ಬಂದರೂ ದಂಡ

ರ‍್ಯಾಲಿಯ ದಾರಿಯಲ್ಲಿ ಎರಡು ಬಗೆ. ಮುಚ್ಚಿದ ರಸ್ತೆಯ ಭಾಗಕ್ಕೆ ಸ್ಪೆಷಲ್ ಸ್ಟೇಜ್ ಎಂದು ಹೆಸರು. ವೇಗದ ಸ್ಪರ್ಧೆ ನಡೆಯುವುದು ಅಲ್ಲಿ ಮಾತ್ರ. ಸಮಯವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ನಿಖರವಾಗಿ ಅಳೆಯುತ್ತಾರೆ. ಒಂದು ಸ್ಟೇಜ್‌ನಿಂದ ಮತ್ತೊಂದಕ್ಕೆ ಹೋಗುವ ದಾರಿ ಮಾಮೂಲಿ ರಸ್ತೆ. ಅಲ್ಲಿ ಬಸ್ಸು, ಲಾರಿ, ಎತ್ತಿನಗಾಡಿ ಎಲ್ಲವೂ ಇರುತ್ತವೆ. ಆ ದಾರಿಯಲ್ಲಿ ರ‍್ಯಾಲಿ ಕಾರಿಗೂ ನಮ್ಮ ನಿಮ್ಮ ಕಾರಿಗೂ ಒಂದೇ ಕಾನೂನು. ಸಿಗ್ನಲ್ ಕೆಂಪಾಗಿದ್ದರೆ ಚಾಂಪಿಯನ್ ಕೂಡ ನಿಲ್ಲಲೇಬೇಕು.

ಹೀಗೆ ಸಾಗುವಾಗ ಪ್ರತಿ ಸ್ಟೇಜ್‌ನ ಮೊದಲು ಟೈಮ್ ಕಂಟ್ರೋಲ್ ಎಂಬ ತಪಾಸಣಾ ಸ್ಥಳವಿರುತ್ತದೆ. ಇಂತಿಷ್ಟು ಗಂಟೆ, ಇಂತಿಷ್ಟು ನಿಮಿಷಕ್ಕೆ ಅಲ್ಲಿಗೆ ತಲುಪಬೇಕೆಂದು ಮೊದಲೇ ಗೊತ್ತುಮಾಡಿರುತ್ತಾರೆ. ತಡವಾದರೆ ದಂಡ. ಬೇಗ ತಲುಪಿದರೂ ದಂಡ! ಅದರಲ್ಲಿಯೂ ಗಮನಿಸಿ: ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಒಂದು ನಿಮಿಷ ತಡವಾದರೆ ಲೆಕ್ಕಕ್ಕೆ 10 ಸೆಕೆಂಡು ಸೇರಿಸುತ್ತಾರೆ. ಒಂದು ನಿಮಿಷ ಬೇಗ ಬಂದರೆ ಪೂರಾ ಒಂದು ನಿಮಿಷ ಸೇರಿಸುತ್ತಾರೆ. ಅಂದರೆ ಆತುರಕ್ಕೆ ವಿಳಂಬಕ್ಕಿಂತ ಆರು ಪಟ್ಟು ಶಿಕ್ಷೆ. ಜನರು ಓಡಾಡುವ ರಸ್ತೆಯಲ್ಲಿ ಯಾರೂ ವೇಗವಾಗಿ ಓಡಿಸುವ ಆಸೆಗೆ ಬೀಳಬಾರದೆಂದೇ ಈ ವ್ಯವಸ್ಥೆ. ವೇಗವನ್ನೇ ಬದುಕಾಗಿಸಿಕೊಂಡವರು ಮಾಡಿಕೊಂಡ ನಿಯಮವಿದು. ನಮ್ಮ ಮನೆಯ ಹುಡುಗರಿಗೆ ಈ ಒಂದು ನಿಯಮವನ್ನು ಬಾಯಿಪಾಠ ಮಾಡಿಸಿದರೂ ಸಾಕು.

ಪಕ್ಕದ ಸೀಟಿನವರು

ರ‍್ಯಾಲಿ ಕಾರಿನಲ್ಲಿ ಇಬ್ಬರಿರುತ್ತಾರೆ. ಒಬ್ಬರು ಚಾಲಕ. ಇನ್ನೊಬ್ಬರು ಸಹಚಾಲಕ, ನ್ಯಾವಿಗೇಟರ್ ಎಂದೂ ಕರೆಯುತ್ತಾರೆ. ಹೆಸರಿಗೆ ಸಹಚಾಲಕನಾದರೂ ಸ್ಟೇಜ್‌ನಲ್ಲಿ ಅವನು ಸ್ಟೀರಿಂಗ್ ಮುಟ್ಟುವುದಿಲ್ಲ. ಅವನ ಕೈಯಲ್ಲಿರುವುದು ಒಂದು ನೋಟ್‌ಬುಕ್ಕು. ಸ್ಪರ್ಧೆಗೆ ಮೊದಲು ಇಬ್ಬರೂ ಆ ದಾರಿಯಲ್ಲಿ ನಿಧಾನವಾಗಿ ಸಾಗಿ ಪ್ರತಿ ತಿರುವನ್ನೂ, ಗುಂಡಿಯನ್ನೂ, ಬಂಡೆಯನ್ನೂ ಬರೆದುಕೊಂಡಿರುತ್ತಾರೆ. ಎಡವೋ ಬಲವೋ, ತಿರುವು ಎಷ್ಟು ಕಡಿದು, ಮುಂದಿನ ತಿರುವಿಗೆ ಎಷ್ಟು ಮೀಟರ್ ಎಂಬುದನ್ನು ಅಂಕಿ ಸಂಕೇತಗಳಲ್ಲಿ ಬರೆಯುತ್ತಾರೆ. ಹಲವರ ಪದ್ಧತಿಯಲ್ಲಿ 1 ಎಂದರೆ ಬಹಳ ಕಡಿದಾದ ತಿರುವು, 6 ಎಂದರೆ ಹೆಚ್ಚು ನಿಧಾನಿಸದೆ ಹೋಗಬಹುದಾದ ತಿರುವು. ಸ್ಪರ್ಧೆಯ ದಿನ ಸಹಚಾಲಕ ಅದನ್ನು ಓದುತ್ತಾ ಹೋಗುತ್ತಾನೆ. ಧೂಳಿನಲ್ಲಿ ಏನೂ ಕಾಣದಿದ್ದರೂ ಚಾಲಕ ಆ ದನಿಯನ್ನು ನಂಬಿ ಸ್ಟೀರಿಂಗ್ ತಿರುಗಿಸುತ್ತಾನೆ. ಒಂದು ಸಾಲು ತಪ್ಪಿ ಓದಿದರೆ ಇಬ್ಬರ ಪ್ರಾಣಕ್ಕೂ ಕುತ್ತು.

ಈ ಕೆಲಸದಲ್ಲಿ ದೇಶದಲ್ಲೇ ಹೆಸರಾದವರಲ್ಲಿ ಒಬ್ಬರು ನಮ್ಮ ಗಡಿನಾಡು ಕಾಸರಗೋಡಿನ ಮೂಸಾ ಶರೀಫ್. ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್ ಆದವರು. ಗೌರವ್ ಗಿಲ್ ಅವರ ಪಕ್ಕದಲ್ಲಿಯೂ ಕುಳಿತವರು. ಪತ್ರಿಕೆಗಳಲ್ಲಿ ಚಾಲಕನ ಹೆಸರು ದಪ್ಪಕ್ಷರದಲ್ಲಿ ಬಂದರೂ, ಫಲಿತಾಂಶದ ಪಟ್ಟಿಯಲ್ಲಿ ಎರಡು ಹೆಸರುಗಳೂ ಜೊತೆಯಾಗಿಯೇ ಇರುತ್ತವೆ ಎಂಬುದನ್ನು ಮಕ್ಕಳಿಗೆ ತೋರಿಸಿ.

ಹೆಣ್ಣುಮಕ್ಕಳಿಗೆ ಇದರಲ್ಲಿ ಏನು ಕೆಲಸ ಎನ್ನುವವರಿದ್ದಾರೆ. 1981ರಲ್ಲಿ ಇಟಲಿಯ ಸಾನ್‌ರೆಮೊ ರ‍್ಯಾಲಿ ಗೆದ್ದ ಕಾರಿನಲ್ಲಿದ್ದವರು ಇಬ್ಬರೂ ಮಹಿಳೆಯರು. ಚಾಲಕಿ ಫ್ರಾನ್ಸಿನ ಮಿಶೆಲ್ ಮೂಟಾನ್, ಸಹಚಾಲಕಿ ಇಟಲಿಯ ಫ್ಯಾಬ್ರಿಝಿಯಾ ಪೋನ್ಸ್. ನಮ್ಮ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬೈಕ್‌ಗಳ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಮರುಭೂಮಿ, ಕಲ್ಲುನೆಲಗಳಲ್ಲಿ ನಡೆಯುವ ದೂರದ ಸ್ಪರ್ಧೆಗೆ ಬಾಹಾ ಎನ್ನುತ್ತಾರೆ.

ಸೌದಿಯಲ್ಲಿ ದುಡಿಯುವ ನಮ್ಮ ಮನೆಯವರಿಗೆ ಡಕಾರ್ ಎಂಬ ಹೆಸರೂ ಪರಿಚಯವಿರಬಹುದು. ಎರಡು ವಾರಗಳ ಕಾಲ ನಡೆಯುವ ಆ ಮಹಾ ರ‍್ಯಾಲಿ 2020ರಿಂದ ಸೌದಿ ಅರೇಬಿಯಾದ ಮರುಭೂಮಿಯಲ್ಲಿ ನಡೆಯುತ್ತಿದೆ. ಅದನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್. 2015ರಲ್ಲಿ, ಆಗ ಡಕಾರ್ ನಡೆಯುತ್ತಿದ್ದ ದಕ್ಷಿಣ ಅಮೆರಿಕದಲ್ಲಿ, ಅವರು 36ನೆಯವರಾಗಿ ಗುರಿ ಮುಟ್ಟಿದರು. ಅದೇ ಸಂತೋಷ್ 2021ರ ಜನವರಿಯಲ್ಲಿ ಸೌದಿಯ ಮರಳಿನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು, ನಂತರ ಚೇತರಿಸಿಕೊಂಡರು. ಇಂತಹ ಸ್ಪರ್ಧೆಗೆ ಇಳಿಯುವವರು ತಲೆಗೆ ಹೆಲ್ಮೆಟ್, ಮೈಗೆ ರಕ್ಷಾಕವಚ ಇಲ್ಲದೆ ಇಳಿಯುವುದಿಲ್ಲ. ಕಾರಿನವರಾದರೆ ಬೆಂಕಿ ತಡೆಯುವ ಉಡುಪು, ಕತ್ತಿಗೆ ಆಧಾರ, ಭುಜ ಸೊಂಟ ಎರಡನ್ನೂ ಬಿಗಿಯುವ ಬೆಲ್ಟು, ಕಾರು ಮಗುಚಿದರೂ ಒಳಗಿನವರು ನಜ್ಜುಗುಜ್ಜಾಗದಂತೆ ಕೂರಿಸಿದ ಉಕ್ಕಿನ ಪಂಜರ. ಇಷ್ಟೆಲ್ಲ ಇದ್ದೂ ಅಪಾಯ ಪೂರ್ತಿ ಹೋಗುವುದಿಲ್ಲ ಎಂಬುದು ನೆನಪಿರಲಿ.

ಬಾವುಟಗಳ ಭಾಷೆ

ಟ್ರ್ಯಾಕ್ ರೇಸ್ ನೋಡುವವರಿಗೆ ಬಾವುಟಗಳ ಅರ್ಥ ತಿಳಿದಿದ್ದರೆ ಅರ್ಧ ಆಟ ತಿಳಿದಂತೆ. ಹಸಿರು ಎಂದರೆ ದಾರಿ ಸುಗಮ. ಹಳದಿ ಎಂದರೆ ಮುಂದೆ ಅಪಾಯವಿದೆ, ನಿಧಾನಿಸಿ, ಯಾರನ್ನೂ ಹಿಂದೆ ಹಾಕಬೇಡಿ. ಹಳದಿಯ ಮೇಲೆ ಕೆಂಪು ಪಟ್ಟೆಗಳಿದ್ದರೆ ರಸ್ತೆ ಜಾರುತ್ತಿದೆ. ನೀಲಿ ಎಂದರೆ ಹಿಂದಿನಿಂದ ವೇಗದ ಗಾಡಿ ಬರುತ್ತಿದೆ, ದಾರಿ ಕೊಡಿ. ಕೆಂಪು ಎಂದರೆ ಸ್ಪರ್ಧೆ ನಿಂತಿದೆ. ನಿಯಮ ಮುರಿದವನಿಗೆ ಅವನ ನಂಬರಿನ ಜೊತೆ ಕಪ್ಪು ಬಾವುಟ. ಕೊನೆಗೆ ಕಪ್ಪು ಬಿಳುಪು ಚೌಕಳಿಯ ಬಾವುಟ ಬೀಸಿದರೆ ಆಟ ಮುಗಿಯಿತು.

ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು

ರ‍್ಯಾಲಿಯಲ್ಲಿ ಟ್ರ್ಯಾಕಿನಂತೆ ಗ್ಯಾಲರಿಯಾಗಲಿ ಉದ್ದಕ್ಕೂ ಬೇಲಿಯಾಗಲಿ ಇರುವುದಿಲ್ಲ. ಕಾರಿಗೂ ನೋಡುವವನಿಗೂ ನಡುವೆ ಇರುವುದು ಬರಿಯ ಒಂದು ಪ್ಲಾಸ್ಟಿಕ್ ಪಟ್ಟಿ. ಆದ್ದರಿಂದ ನಿಲ್ಲುವ ಜಾಗವನ್ನು ಆರಿಸುವುದೇ ಪ್ರೇಕ್ಷಕನ ಮೊದಲ ಪಾಠ. 1986ರಲ್ಲಿ ಪೋರ್ಚುಗಲ್ ರ‍್ಯಾಲಿಯಲ್ಲಿ ಜನ ರಸ್ತೆಗೇ ಇಳಿದು ನಿಂತಿದ್ದರು. ಹಿಡಿತ ತಪ್ಪಿದ ಕಾರು ಗುಂಪಿಗೆ ನುಗ್ಗಿ ಮೂವರು ಪ್ರೇಕ್ಷಕರು ಸತ್ತರು, ಹಲವರು ಗಾಯಗೊಂಡರು. ಅದೇ ವರ್ಷ ನಡೆದ ಮತ್ತೊಂದು ದುರಂತದ ನಂತರ ಆ ಬಗೆಯ ಅತಿ ಶಕ್ತಿಯ ಕಾರುಗಳನ್ನೇ ವಿಶ್ವ ರ‍್ಯಾಲಿಯಿಂದ ನಿಷೇಧಿಸಲಾಯಿತು.

ಹಾಗಾಗಿ ಹೋಗುವ ಮಕ್ಕಳಿಗೆ ಈ ಮಾತುಗಳನ್ನು ಹೇಳಿ ಕಳಿಸಿ:

ರಸ್ತೆಗಿಂತ ಎತ್ತರದ ಜಾಗದಲ್ಲಿ ನಿಲ್ಲಿ. ದಿಬ್ಬ, ಬಂಡೆಯ ಮೇಲ್ಭಾಗ ಒಳ್ಳೆಯದು. ರಸ್ತೆಯ ಮಟ್ಟದಲ್ಲಿ ಅಥವಾ ಕೆಳಗಿನ ಚರಂಡಿಯಲ್ಲಿ ನಿಲ್ಲಬೇಡಿ.

ತಿರುವಿನ ಹೊರಬದಿಯಲ್ಲಿ ಎಂದಿಗೂ ನಿಲ್ಲಬೇಡಿ. ಹಿಡಿತ ತಪ್ಪಿದ ಕಾರು ಹೋಗುವುದು ಆ ಕಡೆಗೇ. ರಸ್ತೆ ಎಡಕ್ಕೆ ತಿರುಗಿದರೆ, ನೇರವಾಗಿ ಮುಂದಿರುವ ಜಾಗ ಮತ್ತು ಬಲಬದಿ ಎರಡೂ ಅಪಾಯ. ಆದರೆ ಒಳಬದಿಯಲ್ಲಿ ರಸ್ತೆಗೆ ಅಂಟಿ ನಿಲ್ಲುವುದೂ ಸುರಕ್ಷಿತವಲ್ಲ. ಚಕ್ರದಡಿಯಿಂದ ಸಿಡಿಯುವ ಕಲ್ಲು ಕಣ್ಣಿಗೆ ಬಡಿದೀತು.

ಬೆನ್ನ ಹಿಂದೆ ಓಡಲು ಜಾಗವಿರಲಿ. ಹಿಂದೆ ಗೋಡೆ ಅಥವಾ ತಂತಿಬೇಲಿ ಇರುವಲ್ಲಿ ನಿಂತರೆ ತಪ್ಪಿಸಿಕೊಳ್ಳಲು ದಾರಿಯಿರುವುದಿಲ್ಲ.

ಸ್ಪರ್ಧೆಯ ಕಾರುಗಳಿಗಿಂತ ಮೊದಲು ಸೊನ್ನೆ ನಂಬರಿನ ಕಾರು ಸೈರನ್ ಹಾಕುತ್ತಾ ಹಾದುಹೋಗುತ್ತದೆ. ಅದು ದಾಟಿದ ಮೇಲೆ ರಸ್ತೆ ದಾಟುವಂತಿಲ್ಲ. ಆ ಕಡೆ ಸ್ನೇಹಿತ ಕರೆದರೂ, ಮೊಬೈಲ್ ಬಿದ್ದರೂ ದಾಟುವಂತಿಲ್ಲ. ಕೊನೆಯಲ್ಲಿ ಸ್ವೀಪರ್ ಎಂಬ ಗಾಡಿ ಬಂದು ಹೋಗುವ ತನಕ ಸ್ಟೇಜ್ ಮುಗಿದಿಲ್ಲವೆಂದೇ ತಿಳಿಯಿರಿ. ಅರ್ಧ ಗಂಟೆ ಸದ್ದಿಲ್ಲದಿದ್ದರೂ ಮುಂದಿನ ಕಾರು ಬರಬಹುದು.

ಮಾರ್ಷಲ್‌ಗಳು ಶಿಳ್ಳೆ ಊದಿದರೆ ಕಾರು ಹತ್ತಿರವಾಯಿತೆಂದು ಅರ್ಥ. ಅವರು ಹಿಂದೆ ಸರಿಯಿರಿ ಎಂದರೆ ವಾದಿಸಬೇಡಿ.

ಕಾರು ಮಗುಚಿದರೆ ಫೋಟೋ ತೆಗೆಯಲು ಓಡಬೇಡಿ. ಹಿಂದೆಯೇ ಇನ್ನೊಂದು ಕಾರು ಬರುತ್ತಿರುತ್ತದೆ. ಒಳಗಿನವರು ಸುರಕ್ಷಿತವಾಗಿದ್ದರೆ ‘ಓಕೆ’ ಎಂಬ ಹಲಗೆ ತೋರಿಸುತ್ತಾರೆ. ಸಹಾಯ ಬೇಕಿದ್ದರೆ ‘ಎಸ್‌ಓಎಸ್’ ಎಂಬ ಕೆಂಪು ಗುರುತು ತೋರಿಸುತ್ತಾರೆ. ಮಾರ್ಷಲ್ ಕರೆದರೆ ಮಾತ್ರ ಮುಂದೆ ಹೋಗಿ.

ಚಿಕ್ಕ ಮಕ್ಕಳನ್ನು ಕರೆದೊಯ್ದಿದ್ದರೆ ಹೆಗಲ ಮೇಲೆ ಕೂರಿಸಬೇಡಿ, ಕೈ ಹಿಡಿದಿರಿ. ಧೂಳಿಗೆ ಮುಖಕ್ಕೆ ಬಟ್ಟೆ, ಸದ್ದಿಗೆ ಕಿವಿಗೆ ಹತ್ತಿ, ಕುಡಿಯಲು ನೀರು ಇರಲಿ. ಸ್ಟೇಜ್ ಮುಚ್ಚಿದ ಮೇಲೆ ಗಂಟೆಗಟ್ಟಲೆ ಹೊರಗೆ ಬರಲಾಗುವುದಿಲ್ಲ. ಊಟ, ಝುಹರ್ ನಮಾಝ್, ವಾಪಸ್ ಬರುವ ಬಸ್ಸು ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿಕೊಂಡು ಹೋಗುವುದು ಒಳ್ಳೆಯದು.

ನಮ್ಮ ಊರಿನ ರಸ್ತೆಯನ್ನೇ ಮುಚ್ಚಿದರೆ

ನೋಡಲು ಹೋಗದವರಿಗೂ ಈ ಆಟಕ್ಕೂ ಸಂಬಂಧವಿದೆ. 2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಬಾಡ್ಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ರ‍್ಯಾಲಿಯ ಒಂದು ಸ್ಟೇಜ್ ನಡೆಯುತ್ತಿತ್ತು. ಗಂಡ, ಹೆಂಡತಿ, ಮಗ ಇದ್ದ ಒಂದು ಬೈಕು ಆ ರಸ್ತೆಗೆ ಬಂತು. ವೇಗದಲ್ಲಿದ್ದ ಕಾರಿಗೆ ಸಿಕ್ಕಿ ಮೂವರೂ ಸತ್ತರು. ರ‍್ಯಾಲಿಯನ್ನು ಅಲ್ಲಿಗೇ ರದ್ದುಗೊಳಿಸಲಾಯಿತು. ಅವರು ಆಟ ನೋಡಲು ಬಂದ ಅಭಿಮಾನಿಗಳಲ್ಲ. ದಿನವೂ ಓಡಾಡುವ ತಮ್ಮದೇ ರಸ್ತೆಯಲ್ಲಿ ಹೊರಟಿದ್ದ ಒಂದು ಸಂಸಾರ.

ರಸ್ತೆ ಮುಚ್ಚುವವರ ಹೊಣೆ ಇಲ್ಲಿ ದೊಡ್ಡದು. ಪ್ರತಿ ಕಾಲುದಾರಿಯ ಬಾಯಿಗೂ ಒಬ್ಬರನ್ನು ನಿಲ್ಲಿಸಬೇಕು, ಹಳ್ಳಿಯ ಪ್ರತಿ ಮನೆಗೂ ಮೊದಲೇ ತಿಳಿಸಬೇಕು. ಮಸೀದಿ, ದೇವಸ್ಥಾನಗಳ ಮೈಕಿನಲ್ಲಿ ಹೇಳಿಸಿದರೆ ಇನ್ನೂ ಒಳ್ಳೆಯದು. ಹಾಗೆಯೇ ಊರಿನವರದೂ ಒಂದು ಪಾಲಿದೆ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯ ತನಕ ಎಂದು ಕೇಳಿ ತಿಳಿದುಕೊಳ್ಳಿ. ಆ ಹೊತ್ತಿನಲ್ಲಿ ದನ, ಕುರಿಗಳನ್ನು ಕಟ್ಟಿಹಾಕಿ. ತುಂಬು ಬಸುರಿಯೋ ಕಾಯಿಲೆಯವರೋ ಮನೆಯಲ್ಲಿದ್ದರೆ ಸಂಘಟಕರಿಗೆ ಮೊದಲೇ ತಿಳಿಸಿ, ತುರ್ತಿಗೆ ಯಾರನ್ನು ಕರೆಯಬೇಕೆಂದು ನಂಬರ್ ಪಡೆದಿಟ್ಟುಕೊಳ್ಳಿ. "ಒಂದು ನಿಮಿಷ, ಈ ಕಡೆಯಿಂದ ಆ ಕಡೆಗೆ ಅಷ್ಟೇ" ಎಂದು ಬೈಕು ಹತ್ತುವವರನ್ನು ಮನೆಯ ಹೆಂಗಸರೇ ತಡೆಯಬೇಕು.

ನೋಡಿ ಬಂದ ಮೇಲೆ

ಇನ್ನು ತಾಯಂದಿರಿಗೆ ಬಹಳ ಮುಖ್ಯವಾದ ಮಾತು. ರ‍್ಯಾಲಿ ನೋಡಲು ಹೋದ ದಿನಕ್ಕಿಂತ, ನೋಡಿ ಬಂದ ನಂತರದ ಒಂದು ವಾರ ಹೆಚ್ಚು ಅಪಾಯದ್ದು. ಕಣ್ಣಿನಲ್ಲಿ ಇನ್ನೂ ಆ ವೇಗವಿರುತ್ತದೆ. ಮನೆಯ ಹೊರಗೆ ಅಬ್ಬಾರ ಬೈಕು ನಿಂತಿರುತ್ತದೆ, ಕೀ ಮೊಳೆಗೆ ನೇತಾಡುತ್ತಿರುತ್ತದೆ. ಹೆದ್ದಾರಿಯಲ್ಲಿ ಮುಂದಿನ ಚಕ್ರ ಎತ್ತಿ ಓಡಿಸಿ ಮೊಬೈಲಿಗೆ ವಿಡಿಯೋ ಹಾಕುವ ಹುಡುಗರು ಈಗ ಪ್ರತಿ ಊರಿನಲ್ಲಿದ್ದಾರೆ. ರೇಸಿನವರು ಮಾಡಬಹುದಾದರೆ ನಾವೇಕೆ ಮಾಡಬಾರದು ಎಂಬುದು ಅವರ ಪ್ರಶ್ನೆ.

ಉತ್ತರ ಆಟದ ನಿಯಮದಲ್ಲಿಯೇ ಇದೆ. ಅಲ್ಲಿ ರಸ್ತೆ ಮುಚ್ಚಿರುತ್ತದೆ, ಎದುರಿನಿಂದ ಹಾಲಿನ ಕ್ಯಾನ್ ಹೊತ್ತ ಸೈಕಲ್ ಬರುವುದಿಲ್ಲ. ವೈದ್ಯರು, ಆಂಬುಲೆನ್ಸ್ ಕಾಯುತ್ತಿರುತ್ತಾರೆ. ರಸ್ತೆ ತೆರೆದಿರುವಲ್ಲಿ ಚಾಂಪಿಯನ್ನನೂ ನಿಧಾನವಾಗಿ ಹೋಗುತ್ತಾನೆ, ಬೇಗ ಬಂದರೆ ದಂಡ ಕಟ್ಟುತ್ತಾನೆ. 2023ರ ಆಗಸ್ಟ್‌ನಲ್ಲಿ ಚೆನ್ನೈ ಟ್ರ್ಯಾಕ್‌ನಲ್ಲಿ ಬೆಂಗಳೂರಿನ 13 ವರ್ಷದ ಒಬ್ಬ ಪ್ರತಿಭಾವಂತ ಬಾಲಕ ಬೈಕ್ ರೇಸಿನಲ್ಲಿ ಬಿದ್ದು ತೀರಿಕೊಂಡ. ಅವನಿಗೆ ತರಬೇತಿಯಿತ್ತು, ಹೆಲ್ಮೆಟ್ ಇತ್ತು, ಮೈತುಂಬ ರಕ್ಷಾಕವಚವಿತ್ತು, ಅದಕ್ಕೆಂದೇ ಕಟ್ಟಿದ ರಸ್ತೆಯಿತ್ತು. ಎಲ್ಲವೂ ಇದ್ದಲ್ಲಿಯೇ ಹೀಗಾದರೆ, ಚಪ್ಪಲಿ ಮೆಟ್ಟಿ, ಬರಿಯ ತಲೆಯಲ್ಲಿ, ಇಬ್ಬರನ್ನು ಹಿಂದೆ ಕೂರಿಸಿಕೊಂಡು ಹೆದ್ದಾರಿಗೆ ಇಳಿಯುವ ಹುಡುಗನ ಗತಿಯೇನು? ಅವನ ದಾರಿಗೆ ಅಡ್ಡ ಬಂದ ಅಮಾಯಕರ ಗತಿಯೇನು?

ಕಾನೂನನ್ನೂ ತಿಳಿದಿರಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೊದಲ ಸಲ 3 ತಿಂಗಳ ತನಕ ಜೈಲು ಅಥವಾ 5,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದ ತನಕ ಜೈಲು ಅಥವಾ 10,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. 18 ತುಂಬದ ಹುಡುಗ ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದ ತನಕ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ. "ನನಗೆ ಗೊತ್ತಿರಲಿಲ್ಲ" ಎಂದರೆ ಸಾಲದು, ಗೊತ್ತಿರಲಿಲ್ಲವೆಂದು ಸಾಬೀತುಪಡಿಸುವ ಹೊಣೆಯೂ ಪೋಷಕರದೇ. ಡ್ರೈವರ್ ಕೆಲಸವನ್ನೇ ನಂಬಿರುವ ಎಷ್ಟೋ ಮನೆಗಳು ನಮ್ಮಲ್ಲಿವೆ. ಅಂತಹ ಮನೆಯ ಹುಡುಗ ಒಂದು ಸಂಜೆಯ ಚೇಷ್ಟೆಗೆ 25ರ ತನಕ ಲೈಸೆನ್ಸ್ ಇಲ್ಲದೆ ಕೂತರೆ ಅವನ ಅನ್ನಕ್ಕೇ ಕಲ್ಲು ಬಿದ್ದಂತೆ.

ಆದ್ದರಿಂದ ಸಹೋದರಿಯರೇ, ಮಕ್ಕಳ ಆಸಕ್ತಿಯನ್ನು ಬೈದು ಅದುಮಬೇಡಿ. ಅದುಮಿದ್ದು ಕದ್ದು ಹೊರಬರುತ್ತದೆ. ಸಾಧ್ಯವಾದರೆ ಮನೆಯ ಹಿರಿಯರೊಬ್ಬರ ಜೊತೆ ರ‍್ಯಾಲಿಗೆ ಕಳಿಸಿ. ಗಡಿಯಾರ, ಚೀಟಿ ಕೊಟ್ಟು ಕಳಿಸಿ. ಬಂದ ಮೇಲೆ ಯಾರು ಗೆದ್ದರು ಎಂಬುದರ ಜೊತೆಗೆ, ಸಹಚಾಲಕ ಯಾರು, ಮಾರ್ಷಲ್ ಎಲ್ಲಿ ನಿಂತಿದ್ದರು, ನೀನು ಎಲ್ಲಿ ನಿಂತಿದ್ದೆ ಎಂದೂ ಕೇಳಿ. ಎಂಜಿನ್ ಎಂದರೆ ಪ್ರಾಣ ಎನ್ನುವ ಹುಡುಗನಿಗೆ ಐ.ಟಿ.ಐ.ಯಲ್ಲಿ ಮೋಟಾರ್ ಮೆಕ್ಯಾನಿಕ್ ಕೋರ್ಸ್ ಇದೆ, ಡಿಪ್ಲೊಮಾದಲ್ಲಿ ಆಟೊಮೊಬೈಲ್ ವಿಭಾಗವಿದೆ. ಪ್ರತಿ ರ‍್ಯಾಲಿ ಕಾರಿನ ಹಿಂದೆಯೂ ನಿಮಿಷಗಳ ಲೆಕ್ಕದಲ್ಲಿ ಚಕ್ರ, ಗೇರ್‌ಬಾಕ್ಸ್ ಬದಲಿಸಿಕೊಡುವ ಮೆಕ್ಯಾನಿಕ್‌ಗಳ ತಂಡವೊಂದು ಇರುತ್ತದೆ. ಆ ಕೈಗಳಿಲ್ಲದೆ ಯಾವ ಚಾಂಪಿಯನ್ನೂ ಗೆಲ್ಲಲಾರ.

ಮೊಳೆಗೆ ನೇತುಹಾಕಿದ ಬೈಕಿನ ಕೀಯನ್ನು ಮಾತ್ರ ಇವತ್ತೇ ತೆಗೆದು ಬೀರುವಿನಲ್ಲಿಡಿ.